ಸ್ಕಾಲರ್‌ಶಿಪ್ ಗೊತ್ತಾಗುವ ಮುಂಚೆಯೇ ಹಾಸ್ಟೆಲ್ ಡಿಪಾಸಿಟ್ ಕಟ್ಟಬೇಕಾ?

ನೀವು ಸಿಯಾಟಲ್‌ನಲ್ಲಿದ್ದೀರಿ, ಮಗಳು ಹೊರರಾಜ್ಯದ ಕಾಲೇಜುಗಳಿಗೆ ಅರ್ಜಿ ಹಾಕಿದ್ದಾಳೆ, ಅಲ್ವಾ? ಅಮೆರಿಕದಲ್ಲಿ ಡಿಪಾಸಿಟ್ ಎರಡು ಥರ. ಸೀಟಿಗೆ ಒಂದು, ರೂಮಿಗೆ ಇನ್ನೊಂದು. ಸೀಟಿನದಕ್ಕೆ ಹೆಚ್ಚಿನ ಕಡೆ ಮೇ 1ರವರೆಗೆ ಸಮಯವಿರುತ್ತದೆ, ಅವಸರ ಬೇಡ. ರೂಮಿನದು ಹಾಗಲ್ಲ. ಎಷ್ಟೋ ಕಾಲೇಜುಗಳಲ್ಲಿ ಮೊದಲು ಅರ್ಜಿ ಹಾಕಿದವರಿಗೇ ಮೊದಲು ರೂಮ್ ಆರಿಸುವ ಅವಕಾಶ. ಹಾಗಾಗಿ ಒಂದೇ ವಿಷಯ ನೋಡಿ: ಬೇಡವೆಂದರೆ ಆ ದುಡ್ಡು ವಾಪಸ್ ಬರುತ್ತದಾ, ಯಾವ ತಾರೀಕಿನೊಳಗೆ ಹೇಳಬೇಕು? ವಾಪಸ್ ಬರುವುದಾದರೆ ಈಗಲೇ ಕಟ್ಟಿಬಿಡಿ. ಅರ್ಜಿ ಶುಲ್ಕ ಮಾತ್ರ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ.

ಸ್ಕಾಲರ್‌ಶಿಪ್ ಪತ್ರ ಬಂದಾಗ ಖುಷಿಯಲ್ಲಿ ಸುಮ್ನೆ ಮೊತ್ತವನ್ನಷ್ಟೇ ನೋಡಬೇಡಿ. ಅದು ಒಂದು ವರ್ಷಕ್ಕಾ, ನಾಲ್ಕಕ್ಕಾ? ಉಳಿಸಿಕೊಳ್ಳಲು ಎಷ್ಟು ಜಿಪಿಎ (ಸರಾಸರಿ ಗ್ರೇಡ್ ಅಂಕ) ಬೇಕು? ಬಹಳಷ್ಟು ಮೆರಿಟ್ ಹಣ ಟ್ಯೂಷನ್‌ಗೆ, ಅಂದರೆ ಕಾಲೇಜಿನ ಬೋಧನಾ ಶುಲ್ಕಕ್ಕೆ ಮಾತ್ರ. ಹಾಸ್ಟೆಲ್, ಊಟದ ಖರ್ಚು ನಿಮ್ಮ ತಲೆಗೇ ಬರುತ್ತದೆ, ಅದೇನೂ ಸಣ್ಣದಲ್ಲ.

ಇನ್ನೊಂದು ದಾರಿಯಿದೆ, ತುಂಬಾ ಮನೆಯವರಿಗೆ ಗೊತ್ತೇ ಇರುವುದಿಲ್ಲ. ವಾಷಿಂಗ್ಟನ್ ರಾಜ್ಯದವರಾದ್ದರಿಂದ ವೆಸ್ಟರ್ನ್ ಅಂಡರ್‌ಗ್ರ್ಯಾಜುಯೇಟ್ ಎಕ್ಸ್‌ಚೇಂಜ್ ಎಂಬ ಟ್ಯೂಷನ್ ರಿಯಾಯಿತಿ ಯೋಜನೆ ನಿಮಗೆ ಅನ್ವಯಿಸುತ್ತದೆ. ಅದರಲ್ಲಿ ಸೇರಿರುವ ಪಶ್ಚಿಮದ ಕಾಲೇಜುಗಳಲ್ಲಿ ಸ್ಥಳೀಯರ ಟ್ಯೂಷನ್‌ನ 150%ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಎಲ್ಲ ಕೋರ್ಸಿಗೂ ಸಿಗುವುದಿಲ್ಲ, ಮಗಳ ಕೋರ್ಸಿಗೆ ಇದೆಯಾ ಅಂತ ಅಡ್ಮಿಷನ್ ಆಫೀಸಿಗೆ ಇವತ್ತೇ ಬರೆದು ಕೇಳಿ.