ಎಕೆಟಿ-1 ಆಂಟಿಬಾಡಿಯ ಬ್ಯಾಂಡ್ ನಿಜಕ್ಕೂ ಎಕೆಟಿ-1ರದ್ದೇ?

ನೀವು ಕೇಳಿರುವುದು ಇಷ್ಟು: ಮಾನವ ಎಕೆಟಿ-1 ಕೈನೇಸ್ (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಹಚ್ಚುವ ಕಿಣ್ವ) ಪತ್ತೆಗೆಂದು ತರಿಸಿದ ಆಂಟಿಬಾಡಿ, ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) 60 ಕಿಲೋಡಾಲ್ಟನ್ ಹತ್ತಿರ ಒಂದು ಗಟ್ಟಿ ಬ್ಯಾಂಡ್ ಕೊಡುತ್ತಿದೆ, ಅದರ ಕೆಳಗೆ ಮಸುಕಾದ ಇನ್ನೊಂದು. ಆ ಮಸುಕು ಬ್ಯಾಂಡ್ ಇದೆ ಅಂತ ಆಂಟಿಬಾಡಿಯನ್ನು ಪಕ್ಕಕ್ಕಿಡಬೇಕೇ?

ಬೇಡ. ನಾನಾಗಿದ್ದರೆ ಮೊದಲು ಅನುಮಾನ ಪಡುವುದು ಮೇಲಿನ ಗಟ್ಟಿ ಬ್ಯಾಂಡಿನ ಮೇಲೆ.

ಎಕೆಟಿ-1ಕ್ಕೆ ಎಕೆಟಿ-2, ಎಕೆಟಿ-3 ಎಂಬ ಇಬ್ಬರು ಸೋದರರಿದ್ದಾರೆ. ಎಕೆಟಿ-1ರಲ್ಲಿ 480 ಅಮೈನೋ ಆಮ್ಲಗಳಿವೆ, ಎಕೆಟಿ-2ರಲ್ಲಿ 481, ಎಕೆಟಿ-3ರಲ್ಲಿ 479. ಸರಣಿಯಲ್ಲೂ ಸುಮಾರು ಶೇ. 80ರಷ್ಟು ಹೋಲಿಕೆ. ಗಾತ್ರ ನೋಡಿ ಇವುಗಳಲ್ಲಿ ಒಂದನ್ನು ಗುರುತಿಸುತ್ತೇನೆ ಅನ್ನುವುದು, ತ್ರಿವಳಿ ಮಕ್ಕಳನ್ನು ಎತ್ತರ ಅಳೆದು ಹೆಸರು ಹಿಡಿದು ಕರೆದ ಹಾಗೆ. ಹಾಗಾಗಿ ಡೇಟಾಶೀಟ್‌ನಲ್ಲಿ ಮೊದಲು ನೋಡಬೇಕಾದ್ದು ಬ್ಲಾಟ್‌ನ ಚಿತ್ರವಲ್ಲ, ಇಮ್ಯುನೋಜೆನ್ (ಆಂಟಿಬಾಡಿ ಹುಟ್ಟಿಸಲು ಬಳಸಿದ ಪ್ರೋಟೀನ್ ತುಣುಕು) ಯಾವ ಭಾಗದ್ದು ಎಂಬ ಸಾಲು. ಪಿಎಚ್ ಡೊಮೇನ್‌ಗೂ (ಕೋಶದ ಪೊರೆಗೆ ಅಂಟುವ ಭಾಗ) ಕೈನೇಸ್ ಡೊಮೇನ್‌ಗೂ (ಫಾಸ್ಫೇಟ್ ಹಚ್ಚುವ ಭಾಗ) ನಡುವಿನ ಕೊಂಡಿಯಲ್ಲಿ ಈ ಮೂರೂ ಸಾಕಷ್ಟು ಬೇರೆಯಾಗುತ್ತವೆ. ಅಲ್ಲಿನ ಪೆಪ್ಟೈಡ್‌ನಿಂದ (ಚಿಕ್ಕ ತುಣುಕಿನಿಂದ) ಮಾಡಿಸಿದ್ದರೆ ಎಕೆಟಿ-1ನ್ನಷ್ಟೇ ಹಿಡಿಯುವ ಸಾಧ್ಯತೆ ಹೆಚ್ಚು. ಕೈನೇಸ್ ಡೊಮೇನ್‌ನಿಂದ ಮಾಡಿದ ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ) ಆಗಿದ್ದರೆ ಮೂರಕ್ಕೂ ಅಂಟಿಕೊಂಡೀತು. 2002ರ ಪಟ್ಟಿಯ ಪ್ರಕಾರ ಮನುಷ್ಯರಲ್ಲಿ 518 ಕೈನೇಸ್‌ಗಳಿವೆ, ಮತ್ತು ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನ ಡೊಮೇನ್ ಇಟ್ಟುಕೊಂಡಿವೆ ಎನ್ನುವುದೂ ನೆನಪಿರಲಿ.

ಇದನ್ನು ತೀರ್ಮಾನಿಸಲು ನಾನು ನಂಬುವ ಪರೀಕ್ಷೆ ನಾಕ್‌ಔಟ್. ಒಂದೇ ಸೆಲ್ ಲೈನ್, ಒಂದರಲ್ಲಿ ಜೀನ್ ಕತ್ತರಿಸುವ ಕ್ರಿಸ್ಪರ್‌ನಿಂದ ಎಕೆಟಿ-1 ಜೀನ್ ಕೆಡಿಸಿದ್ದು, ಇನ್ನೊಂದು ಮೂಲದ್ದು. ಎರಡರ ಲೈಸೇಟನ್ನೂ (ಕೋಶ ಒಡೆದು ತೆಗೆದ ದ್ರವ) ಸಮ ಪ್ರಮಾಣದಲ್ಲಿ ಅಕ್ಕಪಕ್ಕ ಓಡಿಸಿ. (ಲೋಡಿಂಗ್ ಕಂಟ್ರೋಲ್‌ಗೆ, ಅಂದರೆ ಎರಡೂ ಕಡೆ ಸಮ ಹಾಕಿದ್ದೀರಿ ಎಂದು ತೋರಿಸುವ ಪ್ರೋಟೀನಿಗೆ, ಟ್ಯುಬ್ಯುಲಿನ್ ಬೇಡ, ಅದು 50-55 ಕಿಲೋಡಾಲ್ಟನ್‌ನಲ್ಲಿ ಕೂತು ನಿಮ್ಮ ಬ್ಯಾಂಡಿಗೆ ಅಡ್ಡ ಬರುತ್ತದೆ. ವಿನ್ಕ್ಯುಲಿನ್ ವಾಸಿ.) ಗಟ್ಟಿ ಬ್ಯಾಂಡ್ ಪೂರ್ತಿ ಮಾಯವಾದರೆ ಆಂಟಿಬಾಡಿ ಹೇಳಿದ ಕೆಲಸ ಮಾಡುತ್ತಿದೆ. ತೆಳುವಾಗಿ ಉಳಿದುಕೊಂಡರೆ ಎಕೆಟಿ-2 ಕೂಡ ಸಿಕ್ಕಿಬೀಳುತ್ತಿದೆ ಅಂತ ಮೊದಲ ಊಹೆ. ಒಂದಿಷ್ಟೂ ಬದಲಾಗದಿದ್ದರೆ, ಎಕೆಟಿ-1ರ ಮಟ್ಟಿಗೆ ಆ ಬಾಟಲಿ ಮರೆತುಬಿಡಿ.

ಈಗ ನಿಮ್ಮ ಮಸುಕು ಬ್ಯಾಂಡಿಗೆ ಬರೋಣ. ನಾಕ್‌ಔಟ್‌ನಲ್ಲಿ ಅದೂ ಹೋದರೆ, ಎಕೆಟಿ-1ರದ್ದೇ ತುಂಡಾಗಿರಬಹುದು. ಕೋಶ ಒಡೆಯುವ ಲೈಸಿಸ್ ಬಫರ್‌ಗೆ ಪ್ರೋಟಿಯೇಸ್ ಇನ್‌ಹಿಬಿಟರ್ (ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವುದು) ಹಾಕಿದ್ದೀರಾ ನೋಡಿ. ಹಾಗೇ ಉಳಿದರೆ ಅದು ಬೇರೆ ಯಾವುದೋ ಪ್ರೋಟೀನ್. ಬ್ಲಾಟ್‌ನಲ್ಲಿ ಅದರಿಂದ ದೊಡ್ಡ ತೊಂದರೆ ಇಲ್ಲ, ಗಾತ್ರ ನೋಡಿ ಬಿಟ್ಟುಬಿಡಬಹುದು. ಆದರೆ ಅದೇ ಆಂಟಿಬಾಡಿಯನ್ನು ಇಮ್ಯುನೋಫ್ಲೋರೆಸೆನ್ಸ್‌ಗೆ (ಕೋಶದೊಳಗಿನ ಪ್ರೋಟೀನನ್ನು ಹೊಳೆಯುವ ಬಣ್ಣದಿಂದ ನೋಡುವ ವಿಧಾನ) ಬಳಸಿದರೆ ಎರಡರ ಬೆಳಕೂ ಸೇರಿಹೋಗುತ್ತದೆ, ಬೇರ್ಪಡಿಸಲು ದಾರಿಯೇ ಇಲ್ಲ.

ನಾಕ್‌ಔಟ್ ಸಿಗದಿದ್ದರೆ ಎರಡು ಬೇರೆ ಬೇರೆ ಎಸ್‌ಐಆರ್‌ಎನ್‌ಎಗಳಿಂದ (ಒಂದು ಜೀನಿನ ಪ್ರೋಟೀನ್ ತಯಾರಿಯನ್ನು ಕುಗ್ಗಿಸುವ ಚಿಕ್ಕ ಆರ್‌ಎನ್‌ಎ) ಮಟ್ಟ ತಗ್ಗಿಸಿ ನೋಡಿ. ಹಳೆಯ ಪ್ರೋಟೀನ್ ಕರಗಲು 48-72 ಗಂಟೆ ಕೊಡಿ. ಶುದ್ಧ ಎಕೆಟಿ-1, 2, 3 ಮೂರನ್ನೂ ಒಂದೇ ಜೆಲ್‌ನಲ್ಲಿ ಓಡಿಸುವುದೂ ಒಳ್ಳೆಯದೇ. ಇಮ್ಯುನೋಜೆನ್ ಪೆಪ್ಟೈಡನ್ನೇ ಮೊದಲು ಕೊಟ್ಟು ಆಂಟಿಬಾಡಿಯನ್ನು ತಡೆಯುವ ಬ್ಲಾಕಿಂಗ್ ಪೆಪ್ಟೈಡ್ ಪರೀಕ್ಷೆಯನ್ನು ಮಾತ್ರ ನಾನು ಹೆಚ್ಚು ಲೆಕ್ಕಕ್ಕೆ ಇಡುವುದಿಲ್ಲ: ಆಂಟಿಬಾಡಿ ತಪ್ಪು ಪ್ರೋಟೀನಿಗೆ ಅಂಟುವುದೂ ಬಹಳ ಸಲ ಅದೇ ಜಾಗದಿಂದಲೇ, ಹಾಗಾಗಿ ಪೆಪ್ಟೈಡ್ ಹಾಕಿದರೆ ಸರಿ ಬ್ಯಾಂಡೂ ತಪ್ಪು ಬ್ಯಾಂಡೂ ಒಟ್ಟಿಗೆ ಅಳಿಸಿಹೋಗುತ್ತವೆ.

ಇನ್ನೊಂದು. ನಿಮಗೆ ಬೇಕಾಗಿರುವುದು ಎಕೆಟಿ ಎಷ್ಟಿದೆ ಎಂಬುದೋ, ಕೆಲಸ ಮಾಡುತ್ತಿದೆಯೇ ಎಂಬುದೋ? ಎರಡನೆಯದಾದರೆ ಈ ಆಂಟಿಬಾಡಿ ಎಷ್ಟೇ ಚೆನ್ನಾಗಿದ್ದರೂ ಉತ್ತರ ಸಿಗದು. ಎಕೆಟಿ ಚುರುಕಾಗುವುದು ಅದಕ್ಕೇ ಫಾಸ್ಫೇಟ್ ಹತ್ತಿದಾಗ, ಹಾಗಾಗಿ ಫಾಸ್ಫೇಟ್ ಹತ್ತಿದ ಎಕೆಟಿಯನ್ನಷ್ಟೇ ಹಿಡಿಯುವ ಫಾಸ್ಫೋ ಆಂಟಿಬಾಡಿ ಬೇಕು. ಥ್ರಿಯೋನೀನ್ 308ಕ್ಕೆ (308ನೇ ಸ್ಥಾನದ ಅಮೈನೋ ಆಮ್ಲ) ಫಾಸ್ಫೇಟ್ ಹಚ್ಚುವುದು ಪಿಡಿಕೆ-1 ಎಂಬ ಕೈನೇಸ್, ಸೆರೀನ್ 473ಕ್ಕೆ ಎಂಟಾರ್ ಕಾಂಪ್ಲೆಕ್ಸ್ 2. ಅಲ್ಲೂ ತ್ರಿವಳಿ ಕಾಟ ತಪ್ಪಿದ್ದಲ್ಲ: 473ರ ಆಂಟಿಬಾಡಿ ಸಾಮಾನ್ಯವಾಗಿ ಎಕೆಟಿ-2ರ 474, ಎಕೆಟಿ-3ರ 472 ಎರಡನ್ನೂ ಹಿಡಿಯುತ್ತದೆ. ಪರೀಕ್ಷಿಸುವುದು ಇಲ್ಲಿ ಸುಲಭ. ಸೀರಮ್ ಇಲ್ಲದೆ ಇಟ್ಟ ಕೋಶಗಳಿಗೆ ಇನ್ಸುಲಿನ್ ಕೊಟ್ಟರೆ ಬ್ಯಾಂಡ್ ಏಳಬೇಕು, ಮೊದಲೇ ವೋರ್ಟ್‌ಮ್ಯಾನಿನ್ (ಎಕೆಟಿ ಚುರುಕಾಗುವುದನ್ನು ತಡೆಯುವ ರಾಸಾಯನಿಕ) ಕೊಟ್ಟಿದ್ದರೆ ಏಳಬಾರದು, ಲೈಸೇಟಿಗೆ ಫಾಸ್ಫೇಟ್ ಕೀಳುವ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿದರೆ ಅಳಿಸಿಹೋಗಬೇಕು. ಪಾಸಿಟಿವ್ ಕಂಟ್ರೋಲ್‌ಗೆ (ಬ್ಯಾಂಡ್ ಬರಲೇಬೇಕಾದ ಮಾದರಿ) ಪಿಸಿ-3 ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಸಾಕು. ಅವುಗಳಲ್ಲಿ ಎಕೆಟಿಯನ್ನು ಹತೋಟಿಯಲ್ಲಿಡುವ ಪಿಟೆನ್ ಇಲ್ಲದ ಕಾರಣ ಸುಮ್ಮನಿದ್ದಾಗಲೂ ಫಾಸ್ಫೋ ಎಕೆಟಿ ಜಾಸ್ತಿ. ಬ್ಲಾಕ್ ಮಾಡಲು (ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ತಡೆಯಲು) ಹಾಲಿನ ಪುಡಿ ಬದಲು ಬಿಎಸ್‌ಎ (ದನದ ಸೀರಮ್‌ನ ಆಲ್ಬುಮಿನ್) ಬಳಸಿ, ಹಾಲಿನ ಕೇಸೀನ್‌ನಲ್ಲೇ ಫಾಸ್ಫೇಟ್ ಇದೆ.

ನಿಮ್ಮದು ಪಾಲಿಕ್ಲೋನಲ್ ಆಗಿದ್ದರೆ ಲಾಟ್ (ತಯಾರಿಕೆಯ ಕಂತು) ಸಂಖ್ಯೆ ಬರೆದಿಡಿ. ಹೊಸ ಲಾಟ್ ಬಂದಾಗ ನಾಕ್‌ಔಟ್ ಬ್ಲಾಟ್ ಮತ್ತೆ ಮಾಡಬೇಕಾಗುತ್ತದೆ. ಮುಂದಿನ ಸಲ ಕೊಳ್ಳುವಾಗ ರೀಕಾಂಬಿನೆಂಟ್ (ಗೊತ್ತಿರುವ ಜೀನ್ ಸರಣಿಯಿಂದ ಮಾಡಿದ ಆಂಟಿಬಾಡಿ) ಸಿಕ್ಕರೆ ಅದನ್ನೇ ತಗೊಳ್ಳಿ.