ಕಾಗಿಣಾ ದಂಡೆಯ ಮಳಖೇಡ

"ನಿಮ್ಮೂರಲ್ಲಿ ಕನ್ನಡ ನಡೆಯುತ್ತಾ ಸಾರ್, ಅದು ತೆಲುಗು ಕಡೆ ಅಲ್ವಾ?" ಅಂತ ಕೇಳಿದ್ರಿ. ಸಿಟ್ಟಿಲ್ಲ, ಬೆಂಗಳೂರಿನ ಕಡೆಯವರು ಎಲ್ಲರೂ ಕೇಳೋದೇ.

ನಮ್ಮ ಮಳಖೇಡ ಇರೋದು ಸೇಡಂ ತಾಲ್ಲೂಕಿನೊಳಗ, ಕಲಬುರಗಿಯಿಂದ ಸುಮಾರು 40 ಕಿ.ಮೀ. ಕಾಗಿಣಾ ಹೊಳಿ ತೆಲಂಗಾಣದ ತಾಂಡೂರು ಮುಟ್ಟಿ ಬರ್ತದ; ಅಲ್ಲಿ ಅದಕ್ಕ ಕಾಗ್ನಾ ಅಂತಾರ. ಹೆಸರಿನ ಒಂದು ಅಕ್ಷರ ಬದಲಾದ್ರ ರಾಜ್ಯ ಬದಲಾತು ಅಂತ ತಿಳ್ಕೋರಿ. ಮುಂದ ಹೋಗಿ ಭೀಮಾಕ್ಕ ಕೂಡ್ತದ.

ಈ ಊರೇ ಮಾನ್ಯಖೇಟ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ (814–878) ಇಲ್ಲಿ ಕೂತು ಆಳಿದ. ಕನ್ನಡದಾಗ ಇವತ್ತಿಗೆ ಉಳಿದಿರೋ ಗ್ರಂಥಗಳೊಳಗ ಎಲ್ಲಕ್ಕಿಂತ ಹಳೇದು 'ಕವಿರಾಜಮಾರ್ಗ', ಅದು ಅವನ ಆಸ್ಥಾನದ್ದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿ ತನಕ ಅಂತ ಅದರೊಳಗ ಹೇಳ್ಯಾರ. ಆ ಲೆಕ್ಕದಾಗ ನಾವು ಗಡಿಯವರೇ ಅಲ್ಲ, ನಡುಮನಿಯವರು! 972ರಾಗ ಮಾಳವದ ಪರಮಾರ ಸೀಯಕ ಬಂದು ಊರು ಲೂಟಿ ಮಾಡಿದ. ಮರುವರ್ಷ ಚಾಲುಕ್ಯರ ತೈಲಪ ರಾಜ್ಯ ಕಸಗೊಂಡ. ಮುಂದ ಚಾಲುಕ್ಯರು ರಾಜಧಾನಿ ಕಲ್ಯಾಣಕ್ಕ ಒಯ್ದರು. ಅಲ್ಲಿಂದ ನಮ್ಮೂರು ಊರಷ್ಟೇ ಆಗಿ ಉಳೀತು.

ಆದ್ರೂ ಹೊಳಿ ದಂಡಿ ಖಾಲಿ ಬೀಳಲಿಲ್ಲ. ನೇಮಿನಾಥ ಬಸದಿ ಅದ, ದರ್ಗಾ ಅದ, ಹೊಳಿಗೆ ಹತ್ತಿ ಟೀಕಾಚಾರ್ಯ ಜಯತೀರ್ಥರ ಬೃಂದಾವನ ಅದ. ಜೈನರು, ಮುಸ್ಲಿಮರು, ಮಾಧ್ವರು ಮೂವರೂ ಇಳಿಯೋದು ಒಂದೇ ಸ್ಟ್ಯಾಂಡಿನಾಗ. ನಿಜಾಮರ ಕಾಲದಾಗ, 1874ಕ್ಕ, ವಾಡಿ–ಸಿಕಂದರಾಬಾದ್ ರೈಲು ಬಂತು. ಸ್ಟೇಷನ್ನಿನ ಹೆಸರು 'ಮಳಖೇಡ ರೋಡ್', ಅಂದ್ರ ಇಳಿದ ಮ್ಯಾಲ ಊರಿಗೆ ಇನ್ನೂ ಹಾದಿ ಅದ. 1948ರ ಸೆಪ್ಟೆಂಬರ್ 17ಕ್ಕ ಹೈದರಾಬಾದ್ ಸಂಸ್ಥಾನ ಮುಗೀತು, 1956ಕ್ಕ ಮೈಸೂರು ರಾಜ್ಯಕ್ಕ ಸೇರಿದೆವು. ಉರ್ದು ಮಾತ್ರ ಹೋಗಲಿಲ್ಲ. "ಬಿಲ್ಕುಲ್ ಖರೇ ಅದರಿ, ಜಲ್ದಿ ಬರ್ರಿ" ಅಂದ್ರ ನಮಗದು ಕನ್ನಡವೇ.

ಖರೇ ಕಥಿ ಕಲ್ಲಿಂದು. ನೆಲದಡಿ ಎಲ್ಲಾ ಸುಣ್ಣದ ಕಲ್ಲು, ಹಾಸು ಹಾಸಾಗಿ ಎದ್ದು ಬರ್ತದ. ನಾವು ಫರಸಿ ಅಂತೀವಿ, ನೀವು ಶಹಾಬಾದ್ ಕಲ್ಲು ಅಂತೀರಿ. ನಿಮ್ಮ ಅಜ್ಜಿ ಮನಿ ನೆಲದಾಗೂ ಇದ್ದೀತು. ಇಲ್ಲಿ ಗ್ವಾಡಿ, ಮಾಳಿಗಿ, ಹೊಲದ ಬೇಲಿ ಎಲ್ಲಾ ಅದೇ. ನಮ್ಮೂರ ಕ್ವಾಟಿ, ಅಂದ್ರ ಕೋಟೆ, ಕಟ್ಟಿದ್ದೂ ಅದೇ ಕಲ್ಲಿಲೆ. ಈಗ ಅದನ್ನೇ ಪುಡಿ ಮಾಡಿ ಸಿಮೆಂಟ್ ಮಾಡ್ತಾರ. ನಮ್ಮ ಹುಡುಗರಿಗೆ ತೊಗರಿ ಹೊಲ ಬಿಟ್ರ ಕಾರ್ಖಾನಿ. ಹೊರಗಿನವರು ಊರಿನ ಗುರುತು ಕೇಳಿದ್ರ ನಾವೂ ಅಮೋಘವರ್ಷನ ಹೆಸರು ಹೇಳಂಗಿಲ್ಲ, "ಸಿಮೆಂಟ್ ಫ್ಯಾಕ್ಟರಿ ಅದಲ್ಲ, ಅದೇ" ಅಂತೀವಿ.

ನೋಡಬೇಕಂದ್ರ ಚಳಿಗಾಲದಾಗ ಬರ್ರಿ. ಮಳಿಗಾಲದಾಗ ಹೊಳಿ ಬಂದ್ರ ಸೇತುವೆ ಮುಳುಗಿ ಕಲಬುರಗಿ–ಸೇಡಂ ಹಾದಿ ಬಂದ್ ಆಗ್ತದ. ಆಗ ಈ ದಂಡಿಯವರು ಈ ಕಡೆ, ಆ ದಂಡಿಯವರು ಆ ಕಡೆ, ನೀರು ಇಳಿಯೋ ತನಕ ಕುಂತ್ಕೋಬೇಕು.