ಆಂಟಿ-ಸ್ಟ್ಯಾಟಿಕ್ ಮ್ಯಾಟಿನ ಗ್ರೌಂಡ್ ವೈರಿನಲ್ಲಿ ಬೀಪ್ ಬರದಿದ್ದರೆ ಅದು ಕೆಟ್ಟಿದೆಯೇ?

ಎಲೆಕ್ಟ್ರಾನಿಕ್ ಬೋರ್ಡುಗಳ ಕೆಲಸ ಮಾಡುವಾಗ ಸ್ಥಿರವಿದ್ಯುತ್ತನ್ನು ಅರ್ಥಿಂಗಿಗೆ ಇಳಿಸಲು ಮೇಜಿನ ಮೇಲೆ ಹಾಸುವ ಮ್ಯಾಟಿನ ಗ್ರೌಂಡ್ ವೈರಿಗೆ ಮಲ್ಟಿಮೀಟರ್ ಹಿಡಿದರೆ ಬೀಪ್ ಬರುತ್ತಿಲ್ಲ, ಅದನ್ನು ಕಿತ್ತು ಸಾಮಾನ್ಯ ವೈರ್ ಹಾಕಿ ಕಿಟಕಿಯ ಸರಳಿಗೆ ಕಟ್ಟಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಇಂತಹ ವೈರುಗಳನ್ನು ಮ್ಯಾಟಿಗೆ ಸಿಕ್ಕಿಸುವ ಗುಂಡಿಯ ಪ್ಲಾಸ್ಟಿಕ್ ಮುಚ್ಚಳದೊಳಗೆ ಸಾಮಾನ್ಯವಾಗಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅಷ್ಟು ರೆಸಿಸ್ಟೆನ್ಸ್ ಇದ್ದಲ್ಲಿ ಮೀಟರಿನ ಬಝರ್ ಕೂಗುವುದಿಲ್ಲ. ಮೀಟರನ್ನು 2 ಮೆಗಾಓಮ್ ರೇಂಜಿಗೆ ತಿರುಗಿಸಿ ಅಳೆಯಿರಿ. 1ರ ಆಸುಪಾಸಿನ ರೀಡಿಂಗ್ ಬಂದರೆ ವೈರ್ ಸರಿಯಾಗಿದೆ. ಅಳೆಯುವಾಗ ಎರಡೂ ಪ್ರೋಬ್‌ಗಳ ಲೋಹವನ್ನು ಬೆರಳುಗಳಿಂದ ಒತ್ತಿ ಹಿಡಿಯಬೇಡಿ, ನಿಮ್ಮ ಮೈಯ ರೆಸಿಸ್ಟೆನ್ಸ್ ಸೇರಿಕೊಂಡು ರೀಡಿಂಗ್ ಇಳಿಯುತ್ತದೆ.

ಆ ರೆಸಿಸ್ಟರ್ ಇರುವುದು ನಿಮ್ಮ ಜೀವದ ರಕ್ಷಣೆಗೆ. ಕೈಪಟ್ಟಿ (ಮೈಯ ಸ್ಥಿರವಿದ್ಯುತ್ತನ್ನು ಅರ್ಥಿಂಗಿಗೆ ಇಳಿಸಲು ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಅದರ ವೈರಿನಲ್ಲೂ ಇಂತಹದೇ ರೆಸಿಸ್ಟರ್ ಇರುತ್ತದೆ) ಕಟ್ಟಿಕೊಂಡಿರುವಾಗ ಇನ್ನೊಂದು ಕೈ ಅಕಸ್ಮಾತ್ 230 ವೋಲ್ಟ್‌ನ ಫೇಸ್‌ಗೆ ತಗುಲಿದರೂ, ಪಟ್ಟಿಯ ಮೂಲಕ ಹರಿಯುವ ಕರೆಂಟ್ 0.23 ಮಿಲಿಆಂಪಿಯರ್ ದಾಟುವುದಿಲ್ಲ. ಅದರಿಂದ ಸ್ಥಿರವಿದ್ಯುತ್ ಇಳಿಯುವುದಕ್ಕೆ ತಡೆಯಾಗುವುದಿಲ್ಲವೇ ಎಂದರೆ, ಇಲ್ಲ: ಮನುಷ್ಯನ ಮೈಯ ಕೆಪ್ಯಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಸುಮಾರು 100 ಪಿಕೋಫ್ಯಾರಡ್ ಎಂದು ಲೆಕ್ಕ ಹಿಡಿದರೆ, 1 ಮೆಗಾಓಮ್ ಮೂಲಕ ಅದು ಬರಿದಾಗಲು ಒಂದು ಮಿಲಿಸೆಕೆಂಡ್ ಸಾಕು. ಮ್ಯಾಟಿನ ಮೇಲ್ಮೈಯೂ ಸಾಮಾನ್ಯವಾಗಿ 10 ಲಕ್ಷದಿಂದ 100 ಕೋಟಿ ಓಮ್‌ವರೆಗಿನದು. ಚಾರ್ಜ್ ಆದ ಚಿಪ್ ಬರಿ ಲೋಹದ ತಗಡಿಗೆ ತಾಗಿದರೆ ಕ್ಷಣಮಾತ್ರದಲ್ಲಿ ಬರಿದಾಗಿ ಒಳಗೇ ಸುಡಬಹುದು. ಮ್ಯಾಟು ಅದನ್ನು ನಿಧಾನವಾಗಿ ಇಳಿಸುತ್ತದೆ.

ನಿಜವಾಗಿ ಅನುಮಾನಿಸಬೇಕಾದದ್ದು ಅರ್ಥಿಂಗನ್ನು. ಗೋಡೆಯೊಳಗೆ ಕೂರಿಸಿದ ಕಿಟಕಿಯ ಸರಳನ್ನಾಗಲಿ, ಪಿವಿಸಿ ಪೈಪಿನ ತುದಿಯಲ್ಲಿರುವ ನಲ್ಲಿಯನ್ನಾಗಲಿ ಅರ್ಥಿಂಗ್ ಎಂದು ನಂಬುವಂತಿಲ್ಲ. ನಮ್ಮ ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿರುವ ದಪ್ಪ ರಂಧ್ರವೇ ಅರ್ಥಿಂಗ್, ಆದರೆ ಹಳೆಯ ಮನೆಗಳಲ್ಲಿ ಅದರ ಹಿಂದೆ ವೈರೇ ಇಲ್ಲದಿರುವುದುಂಟು. ಆದ್ದರಿಂದ ಮೊದಲು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಸಿಗಲಿಲ್ಲವೆಂದು ನ್ಯೂಟ್ರಲ್‌ಗೆ ಮಾತ್ರ ಎಂದಿಗೂ ಜೋಡಿಸಬೇಡಿ, ಏಕೆಂದರೆ ಯಾರೋ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು ಮಾಡಿದ್ದರೆ ಇಡೀ ಮ್ಯಾಟಿಗೆ ಫೇಸ್ ಬರುತ್ತದೆ.

ನಾನು ಮ್ಯಾಟನ್ನೂ ಕೈಪಟ್ಟಿಯನ್ನೂ ಬೇರೆ ಬೇರೆ ವೈರುಗಳಿಂದ ಒಂದೇ ಅರ್ಥಿಂಗ್ ಬಿಂದುವಿಗೆ ಜೋಡಿಸುತ್ತೇನೆ. ಒಂದರ ಮೂಲಕ ಇನ್ನೊಂದನ್ನು ಎಳೆದರೆ ಒಂದು ಗುಂಡಿ ಸಡಿಲವಾದಾಗ ಎರಡೂ ಹೋಗುತ್ತವೆ. ಪಟ್ಟಿ ಅಂಗಿಯ ತೋಳಿನ ಮೇಲಲ್ಲ, ಚರ್ಮಕ್ಕೆ ತಾಗಿರಬೇಕು. ಎಸ್‌ಎಂಪಿಎಸ್‌ನಂತಹ ಪವರ್ ಸಪ್ಲೈ ಬೋರ್ಡಿಗೆ ನೇರವಾಗಿ 230 ವೋಲ್ಟ್ ಕೊಟ್ಟು ಪರೀಕ್ಷಿಸುವ ಸಂದರ್ಭ ಬಂದಾಗ ಮಾತ್ರ ಪಟ್ಟಿಯನ್ನು ಬಿಚ್ಚಿಟ್ಟು, ಬೋರ್ಡನ್ನು ಮ್ಯಾಟಿನಿಂದ ತೆಗೆದು ಒಣಗಿದ ಮರದ ಹಲಗೆಯ ಮೇಲೆ ಇಟ್ಟ ನಂತರವೇ ಸ್ವಿಚ್ ಹಾಕಿ.